ತೊಳೆದಿಟ್ಟ ಕುಡಿಕೆಗಳು

ಹೋದ ತಿಂಗಳು ಗದಗಿನ ನಮ್ಮ ಮನೆಯ ಹಿತ್ತಿಲ ಗೋಡೆಗೆ ಸುಣ್ಣ ಬಳಿಸಿದೆವು. ಪೇಂಟ್ ಬೇಡ, ಸುಣ್ಣವೇ ಸಾಕು ಎಂದವಳು ನಾನೇ. ಕೆಲಸದವರು ಡ್ರಮ್ಮಿಗೆ ಸುಣ್ಣದ ಹರಳು ಹಾಕಿ ನೀರು ಸುರಿದರು. ಅದು ಕೊತಕೊತ ಕುದಿಯಿತು, ಹಬೆಯ ಜೊತೆಗೆ ವಾಸನೆ ಅಡುಗೆಮನೆಯ ತನಕ ಬಂತು. ನನ್ನ ಬಾಯಲ್ಲಿ ನೀರೂರಿತು. ಹಸಿ ಸುಣ್ಣದ ವಾಸನೆಗೆ ಯಾರಿಗಾದರೂ ಸಿಹಿ ತಿಂಡಿ ನೆನಪಾಗುತ್ತದೆಯೇ? ನನಗೆ ಆಗುತ್ತದೆ. ಈಚಲ ಪಾಕದಲ್ಲಿ ಮಾಡಿದ ರಾಗಿ ಹಾಲುಬಾಯಿ, ಅದರ ಮೇಲೆ ಉದುರಿಸಿದ ಕಾಡುಬಾದಾಮಿಯ ಚೂರು. ಅದರ ಬೆನ್ನಿಗೇ ದೊಡ್ಡನೆಕ್ಕುಂದಿಯ ಒಂದು ಚಳಿಗಾಲ, ಹದಿನಾಲ್ಕು ಈಚಲು ಮರ, ಮತ್ತು ನಾನು ಮಾಡಿದ ಒಂದು ಕೆಲಸ. ಮಾರನೆಯ ದಿನವೇ ಬೆಂಗಳೂರಿನ ರೈಲು ಹತ್ತಿದೆ. ಗಂಡನಿಗೆ ಹಳೆಯ ಗೆಳತಿಯ ಮನೆಯ ಗೃಹಪ್ರವೇಶ ಎಂದು ಸುಳ್ಳು ಹೇಳಿದೆ. ಹತ್ತು ವರ್ಷದಿಂದ ಇಟ್ಟುಕೊಂಡಿರುವ ಸುಳ್ಳಿನ ಮುಂದೆ ಅದು ಏನೂ ಅಲ್ಲ.

ಆಗ ನನಗೆ ಇಪ್ಪತ್ತಮೂರು ವರ್ಷ. ಡಿಪ್ಲೊಮಾ ಮುಗಿಸಿ, ದೊಡ್ಡನೆಕ್ಕುಂದಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕರೆಂಟಿನ ಸ್ವಿಚ್ಚು ತಯಾರಿಸುವ ಒಂದು ಫ್ಯಾಕ್ಟರಿಗೆ ಕ್ವಾಲಿಟಿ ಚೆಕ್ಕಿಂಗ್ ಕೆಲಸಕ್ಕೆ ಸೇರಿದ್ದೆ. ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳಗಳು ಟ್ರೇಯಲ್ಲಿ ಬರುತ್ತಿದ್ದವು. ಟ್ಯೂಬ್‌ಲೈಟಿನ ಕೆಳಗೆ ಒಂದೊಂದನ್ನೇ ತಿರುಗಿಸಿ ನೋಡಬೇಕು. ಒಂದು ಬಿಳಿ ಚುಕ್ಕೆ ಕಂಡರೂ ಕೆಂಪು ಡಬ್ಬಕ್ಕೆ ಎಸೆಯಬೇಕು. ಎಲ್ಲ ಸರಿಯಿದ್ದ ಬಾಕ್ಸಿನ ಮೇಲೆ ನನ್ನ ನಂಬರಿನ ಸ್ಟಿಕ್ಕರ್ ಅಂಟಿಸಬೇಕು. ಮುಂದೆ ದೂರು ಬಂದರೆ ಯಾರ ಕಣ್ಣು ತಪ್ಪಿತು ಎಂದು ತಿಳಿಯಬೇಕಲ್ಲ. ನನ್ನ ನಂಬರಿನ ಬಾಕ್ಸು ಒಂದೂ ವಾಪಸ್ ಬಂದಿರಲಿಲ್ಲ. ಆ ಹೆಮ್ಮೆ ನನ್ನ ತಲೆಗೆ ಚೆನ್ನಾಗಿಯೇ ಏರಿತ್ತು. ಊಟಕ್ಕೆ ಕೂತರೂ ಅನ್ನದಲ್ಲಿ ಕಲ್ಲು ಹುಡುಕುವ ಕಣ್ಣು ನನ್ನದಾಗಿತ್ತು.

ನಾನು ಬಾಡಿಗೆಗಿದ್ದ ಒಂದು ಕೋಣೆ ಮುನಿನಂಜಪ್ಪ, ಯಶೋದಮ್ಮ ಎಂಬ ಗಂಡಹೆಂಡಿರ ಮನೆಯ ಹಿತ್ತಿಲಿನದು. ಇಬ್ಬರೂ ಊರಿನ ಹಳಬರು. ಮಗ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ. ಮುನಿನಂಜಪ್ಪನವರ ಅಪ್ಪ, ಅಜ್ಜ ಎಲ್ಲ ಈಚಲು ಮರ ಹತ್ತಿ ಸೇಂದಿ ಇಳಿಸಿದವರು. ಸರ್ಕಾರ ಸೇಂದಿ ನಿಲ್ಲಿಸಿ ನಾಲ್ಕೈದು ವರ್ಷವಾಗಿತ್ತು. ಹೊಲವನ್ನು ಅದಕ್ಕೂ ಮೊದಲೇ ಬಿಲ್ಡರಿಗೆ ಕೊಟ್ಟಾಗಿತ್ತು, ಅಲ್ಲಿ ದೊಡ್ಡದೊಂದು ಅಪಾರ್ಟ್‌ಮೆಂಟ್ ಎದ್ದಿತ್ತು. ಅದೇ ಅಪಾರ್ಟ್‌ಮೆಂಟಿಗೆ ಇವರು ತೋಟದ ಕೆಲಸಕ್ಕೆ ಹೋಗುತ್ತಿದ್ದರು. ತಾನು ರಾಗಿ ಬೆಳೆದ ನೆಲದಲ್ಲಿ ಯಾರದೋ ಹುಲ್ಲು ಕತ್ತರಿಸುವುದು ಎಂಥ ಕೆಲಸ ಎಂದು ನಾನು ಆಗ ಯೋಚಿಸಿರಲಿಲ್ಲ. ಅವರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ.

ಅಪಾರ್ಟ್‌ಮೆಂಟಿನ ಹಿಂಭಾಗದಲ್ಲಿ, ಕೆರೆಯ ಕಡೆಗೆ, ಕಾಂಪೌಂಡಿನ ಒಳಗೇ ಹದಿನಾಲ್ಕು ಈಚಲು ಮರ ಉಳಿದಿದ್ದವು. ಬಿಲ್ಡರಿನವರು ಅತ್ತ ಕಡೆ ಏನೂ ಕಟ್ಟಿರಲಿಲ್ಲವಾದ್ದರಿಂದ ಉಳಿದಿದ್ದವು, ಅಷ್ಟೆ. ಚಳಿ ಶುರುವಾದರೆ ಮುನಿನಂಜಪ್ಪ ಆ ಮರಗಳನ್ನು ಹತ್ತುತ್ತಿದ್ದರು. ಸಂಜೆ ಸುಳಿಯ ಹತ್ತಿರ ಕೆತ್ತಿ ಕುಡಿಕೆ ಕಟ್ಟುವುದು, ಬೆಳಿಗ್ಗೆ ಬಿಸಿಲೇರುವ ಮೊದಲು ಇಳಿಸುವುದು. ಸೇಂದಿ ಅಲ್ಲ, ಸಿಹಿ ನೀರಾ. ಅದಕ್ಕೂ ಒಂದು ಕಾಗದ ಬೇಕಿತ್ತೇನೋ, ಯಾರೂ ಕೇಳಿರಲಿಲ್ಲ. ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ವಸುಧಾ ಮೇಡಂ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಒಳ್ಳೆಯ ಹೆಂಗಸು. ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದರು.

ಆ ನೀರಾವನ್ನು ಯಶೋದಮ್ಮ ಹಿತ್ತಿಲ ಒಲೆಯ ಮೇಲೆ ಅಗಲವಾದ ಬಾಂಡಲಿಯಲ್ಲಿ ಕಾಯಿಸುತ್ತಿದ್ದರು. ನನ್ನ ಕೋಣೆಯ ಕಿಟಕಿ ಆ ಒಲೆಗೇ ಎದುರಾಗಿತ್ತು. ಬೆಳಿಗ್ಗೆ ಎದ್ದರೆ ಮೊದಲು ಹೊಗೆ, ಆಮೇಲೆ ಬೆಲ್ಲ ಸೀಯುವುದಕ್ಕಿಂತ ತುಸು ಮೊದಲಿನ ಆ ಪರಿಮಳ. ನೊರೆ ಉಕ್ಕಿ ಬಂದಾಗಲೆಲ್ಲ ಸೌಟಿನಲ್ಲಿ ತೆಗೆದು ಚೆಲ್ಲಬೇಕು. ಮಧ್ಯಾಹ್ನದ ಹೊತ್ತಿಗೆ ಅಷ್ಟು ಕುಡಿಕೆಯ ನೀರಾ ಇಳಿದು ಇಳಿದು, ಜೇನಿಗಿಂತ ಕಪ್ಪಾದ ಒಂದೆರಡು ಚೊಂಬು ಪಾಕ ಉಳಿಯುತ್ತಿತ್ತು. ಭಾನುವಾರ ಕೈಯಲ್ಲಿ ಸೌಟು ಹಿಡಿದು ನಾನೂ ಅಲ್ಲೇ ಕೂತಿರುತ್ತಿದ್ದೆ.

ನಾನು ಮುನಿನಂಜಪ್ಪನವರನ್ನು ನಮ್ಮ ಕಡೆಯ ರೂಢಿಯಂತೆ ಕಾಕಾ ಎಂದು ಕರೆದೆ. ಅವರು ನಕ್ಕರು.

"ಕಾಕಾ ಅನ್ಬೇಡ ಕಣಮ್ಮ. ಇಲ್ಲಿ ಕಾಕಾ ಅಂದ್ರೆ ಟೀ ಅಂಗ್ಡಿ ಮಲಯಾಳಿ. ಯಾರಾನ ಕೇಳುಸ್ಕೊಂಡು ಎಲ್ಡು ಟೀ ಕೊಡಿ ಅಂದಾರು."

ಆದರೂ ನಾನು ಹಾಗೇ ಕರೆದೆ. ಅವರೂ ಹಾಗೇ ಓಗೊಟ್ಟರು.

ಮರ ಹತ್ತುವುದು ಕಾಕಾನ ಕೆಲಸವಾದರೆ ಕುಡಿಕೆ ಸಿದ್ಧ ಮಾಡುವುದು ಯಶೋದಮ್ಮನ ಕೆಲಸ. ಇಳಿಸಿದ ಕುಡಿಕೆಗಳನ್ನು ಬಿಸಿನೀರಿನಲ್ಲಿ ತೊಳೆದು, ಒಳಗೆಲ್ಲ ಬೆರಳಿನಿಂದ ಸುಣ್ಣದ ತಿಳಿ ಸವರಿ, ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದರು. ಸಂಜೆ ಕಾಕಾ ಬಂದು ಅವನ್ನು ಬಿದಿರ ಕೋಲಿಗೆ ಪೋಣಿಸಿಕೊಂಡು ಹೊರಡುತ್ತಿದ್ದರು. ಮದುವೆಯಾದ ಮೂವತ್ತು ವರ್ಷದಿಂದ ಕುಡಿಕೆ ಆಕೆಯ ಪಾಲು, ಮರ ಇವರ ಪಾಲು. ಕಾಕಾ ಒಂದು ದಿನವೂ ಕುಡಿಕೆಯೊಳಗೆ ಇಣುಕಿ ನೋಡಿದವರಲ್ಲ.

ಒಂದು ಭಾನುವಾರ ನಾನು ಕೇಳಿದೆ: "ಸುಣ್ಣ ಯಾಕ ಹಚ್ತೀರಿ ಅಕ್ಕಾ ಇದಕ್ಕ?"

"ದೃಷ್ಟಿ ಆಗ್ಬಾರ್ದು ಅಂತ," ಎಂದರು ಯಶೋದಮ್ಮ. "ನಿನ್ನಂಗೆ ಕಣ್ ಬಿಟ್ಕೊಂಡು ನೋಡೋರು ಇರ್ತಾರಲ್ಲ."

ನಕ್ಕರು. ನಾನೂ ನಕ್ಕೆ. ಅವರು ತಮಾಷೆ ಮಾಡಿದ್ದರು, ನಾನು ನಂಬಿಬಿಟ್ಟೆ. ಹೊಸ ಮನೆಗೆ, ಕುಂಬಳಕಾಯಿಗೆ, ತೊಟ್ಟಿಲಿಗೆ ಎಲ್ಲದಕ್ಕೂ ದೃಷ್ಟಿಗೆಂದು ಸುಣ್ಣದ ಬೊಟ್ಟಿಡುವುದನ್ನು ನೋಡಿದವಳಿಗೆ ಅದರಲ್ಲಿ ಅನುಮಾನ ಬರಲಿಲ್ಲ. ಪಾಪ, ಓದದವರು, ನಂಬಿಕೆ ಎಂದುಕೊಂಡೆ. ಡಿಪ್ಲೊಮಾ ಮಾಡಿದ್ದೆನಲ್ಲ.

ಕಾಡುಬಾದಾಮಿ ತರುವುದು ನನ್ನ ಪಾಲಿನ ಕೆಲಸವಾಯಿತು. ನಮ್ಮ ಫ್ಯಾಕ್ಟರಿಯ ರಸ್ತೆಯ ಉದ್ದಕ್ಕೂ ಬಾದಾಮಿ ಮರಗಳು ತಾವಾಗಿ ಬೆಳೆದು ಲಾರಿಗಳಿಗೆ ನೆರಳು ಕೊಡುತ್ತಿದ್ದವು. ಬಾವಲಿಗಳು ಹಣ್ಣಿನ ಮೇಲಿನ ಕೆಂಪು ತಿರುಳನ್ನು ತಿಂದು ಬೀಜವನ್ನು ಬೀಳಿಸಿ ಹೋಗುತ್ತಿದ್ದವು. ಬೆಳಗಿನ ಶಿಫ್ಟಿಗೆ ಹೋಗುವಾಗ ಆರಿಸಿಕೊಂಡರೆ ಟಿಫನ್ ಕ್ಯಾರಿಯರಿನ ಚೀಲ ತುಂಬುತ್ತಿತ್ತು. ಗೇಟಿನ ಸೆಕ್ಯುರಿಟಿಯವನು "ಏನ್ ಮೇಡಂ, ಸಂಬಳ ಸಾಕಾಗ್ತಿಲ್ವಾ?" ಎಂದು ಕೆಣಕುತ್ತಿದ್ದ. ಮನೆಗೆ ತಂದು ನಾಲ್ಕು ದಿನ ಒಣಗಿಸಿ, ಚಪ್ಪಟೆ ಕಲ್ಲಿನ ಮೇಲೆ ಅಂಚು ಕೆಳಗಾಗಿ ನಿಲ್ಲಿಸಿ ಒಂದೇ ಏಟು ಹೊಡೆಯಬೇಕು. ಮಲಗಿಸಿ ಹೊಡೆದರೆ ಬೀಜ ಪುಡಿ, ಜೊತೆಗೆ ಬೆರಳೂ. ಇದನ್ನು ಕಲಿಯುವಷ್ಟರಲ್ಲಿ ನನ್ನ ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಯಿತು. ಒಳಗೆ ಸಿಗುವುದು ಕಿರುಬೆರಳಿನಷ್ಟು, ಸುರುಳಿ ಸುತ್ತಿದಂಥ ಬಿಳಿ ತಿರುಳು. ಒಂದು ಬೊಗಸೆ ಆಗಬೇಕಾದರೆ ಒಂದಿಡೀ ಮಧ್ಯಾಹ್ನ ಕುಟ್ಟಬೇಕು.

ಆದರೆ ಆ ಹಾಲುಬಾಯಿ! ಹಿಂದಿನ ದಿನ ನೆನೆಹಾಕಿದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆದು, ಅದಕ್ಕೆ ಪಾಕ ಬೆರೆಸಿ ಯಶೋದಮ್ಮ ಮಗುಚುತ್ತಿದ್ದರು. ಮಗುಚುವಾಗ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಗಂಟಾಗುತ್ತದೆ ಎನ್ನುತ್ತಿದ್ದರು, ಅದು ತಮಾಷೆಯೋ ನಿಜವೋ ಇವತ್ತಿಗೂ ನನಗೆ ತಿಳಿಯದು. ಹಿಟ್ಟು ಬಾಂಡಲಿಯ ಅಂಚು ಬಿಟ್ಟು ಒಂದೇ ಮುದ್ದೆಯಾಗಿ ತಿರುಗಲು ಶುರುವಾದಾಗ ಒಂದು ಚಿಟಿಕೆ ಉಪ್ಪು, ಏಲಕ್ಕಿ, ಹುರಿದ ಬಾದಾಮಿ ಚೂರು. ತುಪ್ಪ ಸವರಿದ ತಟ್ಟೆಗೆ ಸುರಿದು ಆರಿದ ಮೇಲೆ ಕತ್ತರಿಸುವುದು. ಸಕ್ಕರೆಯ ಸಿಹಿ ನಾಲಗೆಯ ತುದಿಯಲ್ಲೇ ನಿಂತುಬಿಡುತ್ತದೆ. ಇದು ನುಂಗಿದ ಮೇಲೂ ಗಂಟಲಲ್ಲಿ ಇರುತ್ತಿತ್ತು, ತುಸು ಹೊಗೆಯ ವಾಸನೆಯೊಂದಿಗೆ. ಕಾಕಾ ತಟ್ಟೆಯ ಮೂಲೆಯ ಗಟ್ಟಿ ತುಂಡನ್ನು ಮೊದಲೇ ಎತ್ತಿಕೊಳ್ಳುತ್ತಿದ್ದರು. ಹೆಂಡತಿ ಕೈಗೆ ಏಟು ಹಾಕಿದರೂ ಬಿಡುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಸುದ್ದಿ ಬಂತು. ಹಿಂದಿನ ಜಾಗದಲ್ಲಿ ಜಾಗಿಂಗ್ ಟ್ರ್ಯಾಕ್ ಮಾಡಬೇಕೆಂದು ಸಂಘದಲ್ಲಿ ಮಾತಾಗಿದೆ, ಮರ ಕಡಿಯುತ್ತಾರೆ. ಕಾಕಾ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ವಸುಧಾ ಮೇಡಂ ಬಳಿಗೆ ಹೋದರು, ಜೊತೆಗೆ ಮಾತಾಡಲಿಕ್ಕೆಂದು ನನ್ನನ್ನೂ ಕರೆದುಕೊಂಡರು.

"ನೋಡಿ ಮುನಿನಂಜಪ್ಪ, ನಂಗೇನೂ ಪ್ರಾಬ್ಲಮ್ ಇಲ್ಲ," ಎಂದರು ಮೇಡಂ. "ಆದ್ರೆ ಆ ಮರದಿಂದ ರೆಸಿಡೆಂಟ್ಸ್‌ಗೆ ಏನ್ ಯೂಸು ಅಂತ ಕೇಳ್ತಾರೆ. ನಾನೇನ್ ಹೇಳ್ಲಿ?"

ಆಗ ನನಗೆ ಆ ಉಪಾಯ ಹೊಳೆಯಿತು. ಹೌದು, ಅದೂ ನನ್ನದೇ. ಸಂಕ್ರಾಂತಿಯ ದಿನ ಅಪಾರ್ಟ್‌ಮೆಂಟಿನಲ್ಲಿ ಮನೆತಿಂಡಿಗಳ ಮೇಳ ಇತ್ತು. ಅದರಲ್ಲಿ ಯಶೋದಮ್ಮನ ಹಾಲುಬಾಯಿ, ಬಾದಾಮಿ ಉಂಡೆ ಇಡೋಣ, ಮರದಿಂದ ಎಲ್ಲರ ಕಣ್ಣೆದುರೇ ಕುಡಿಕೆ ಇಳಿಸಿ ನೀರಾ ಕೊಡೋಣ ಎಂದೆ. ಮೇಡಂಗೆ ಇಷ್ಟವಾಯಿತು.

"ಮಕ್ಕಳಿಗೂ ಹೊಸದು. ಜನಕ್ಕೆ ಇಷ್ಟ ಆದ್ರೆ ಟ್ರ್ಯಾಕ್‌ನ ಆ ಕಡೆ ತಿರುಗಿಸೋಣ ಅಂತ ಮೀಟಿಂಗಲ್ಲಿ ನಾನೇ ಹೇಳ್ತೀನಿ. ಆದ್ರೆ ಸ್ವೀಟ್ ಆಗೇ ಇರ್ಬೇಕು ಮುನಿನಂಜಪ್ಪ. ಕಳ್ಳು ಗಿಳ್ಳು ಅಂತ ಒಂದ್ ಮಾತು ಬಂದ್ರೂ ನನ್ ಕೈಲಿ ಏನೂ ಆಗಲ್ಲ."

"ಸೇಂದಿ ನಿಂತ ದಿನ ಕುಡಿಕೆ ಎಲ್ಲಾ ಒಡ್ದಾಕಿದೋನು ಮೇಡಂ ನಾನು," ಎಂದರು ಕಾಕಾ. "ಈಗಿರೋವೆಲ್ಲ ಆಮೇಲೆ ತಂದಿದ್ದು. ಒಂದ್ ಹನಿ ಹುಳಿ ಆದ್ರೆ ನೀವು ಕಡಿಯೋದು ಬ್ಯಾಡ, ನಾನೇ ಕಡೀತೀನಿ."

ದಾರಿಯಲ್ಲಿ ಬರುವಾಗ ನಾನು ಹುರುಪಿನಲ್ಲಿದ್ದೆ. "ಒಮ್ಮೆ ತಿಂದ್ರ ಸಾಕು ಕಾಕಾ. ಆಮ್ಯಾಲೆ ಮರ ಕಡೀರಿ ಅಂತ ಯಾರೂ ಅನ್ನಂಗಿಲ್ಲ ನೋಡ್ರಿ." ಅವರು ನನ್ನ ತಲೆ ಸವರಿದರು.

ಹಬ್ಬಕ್ಕೆ ನಾಲ್ಕು ದಿನವಿರುವಾಗ ಪಾಕದ ಒಂದು ಬಾಟಲಿಯನ್ನು ಮೇಡಂಗೆ ರುಚಿ ತೋರಿಸಲು ಒಯ್ದೆ. ಅವರು ಬಾಟಲಿಯನ್ನು ಬೆಳಕಿಗೆ ಹಿಡಿದರು. ನಾನು ಫ್ಯಾಕ್ಟರಿಯಲ್ಲಿ ಹಿಡಿಯುವ ಹಾಗೆಯೇ.

"ಇದೇನಮ್ಮ ತಳದಲ್ಲಿ, ವೈಟ್ ಪೌಡರ್ ಥರ?"

"ಪೌಡರ್ ಅಲ್ಲ ಮೇಡಂ. ಸುಣ್ಣ."

"ಸುಣ್ಣ ಅಂದ್ರೆ, ಗೋಡೆಗೆ ಬಳಿಯೋದಾ?"

ನನ್ನ ಮುಖ ಸಣ್ಣದಾಯಿತು. ದೃಷ್ಟಿಗೆ ಹಚ್ಚುತ್ತಾರೆ ಎಂದು ಹೇಳಲು ನಾಚಿಕೆಯಾಯಿತು. ಅವರು ಬೈಯಲಿಲ್ಲ. "ಮಕ್ಕಳು ತಿಂತಾರಲ್ಲ, ಸ್ವಲ್ಪ ನೀಟಾಗಿರ್ಲಿ," ಎಂದರು, ಅಷ್ಟೆ. ಆ ಮಾತು ನನ್ನ ಬಾಕ್ಸೇ ವಾಪಸ್ ಬಂದಷ್ಟು ಚುಚ್ಚಿತು.

ಮನೆಗೆ ಬಂದು ಯಶೋದಮ್ಮನಿಗೆ ಹೇಳಿದೆ. ಅವರು ರಾಗಿ ತೊಳೆಯುತ್ತಿದ್ದರು, ತಲೆ ಎತ್ತಲಿಲ್ಲ.

"ಒಂದಿನ ಬಿಟ್ರೆ ತಳಕ್ಕೆ ಕೂರ್ತದೆ, ಮೇಲಿಂದು ಬಗ್ಗುಸ್ಕೊಂಡ್ರೆ ಆಯ್ತು. ಅದುನ್ನ ಅಲ್ಲಿಗಂಟ ಯಾಕೆ ತೋರ್ಸಕ್ಕೋದೆ ನೀನು?"

ಸ್ವಲ್ಪ ಗಡುಸಾಗಿಯೇ ಹೇಳಿದರು. ಅವರಿಗೂ ಆ ದಿನಗಳಲ್ಲಿ ಭಯವಿತ್ತು. ಇವರಿಗೆ ಹೇಳಿ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದೆ.

ಹಬ್ಬದ ಹಿಂದಿನ ದಿನ ನಾನು ಅರ್ಧ ದಿನ ರಜೆ ಹಾಕಿ ಬಂದೆ. ಯಶೋದಮ್ಮ ಒಳಗೆ ಹಾಲುಬಾಯಿ ಮಗುಚುತ್ತಿದ್ದರು. ಹಿತ್ತಿಲ ಕಲ್ಲಿನ ಮೇಲೆ ಹದಿನಾಲ್ಕು ಕುಡಿಕೆ ಬೋರಲು ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದೆ. ಒಳಗೆಲ್ಲ ಬಿಳಿ ಬಿಳಿ, ಬೆರಳಿನ ಗುರುತು ಬೇರೆ. ತೆಂಗಿನ ನಾರು ತೆಗೆದುಕೊಂಡೆ, ಸಂಪಿನಿಂದ ನೀರು ಸೇದಿದೆ, ಕೂತು ಒಂದೊಂದನ್ನೇ ಉಜ್ಜಿದೆ. ಬಿಳಿ ನೀರು ಹರಿದು ಕರಿಬೇವಿನ ಗಿಡದ ಬುಡಕ್ಕೆ ಹೋಯಿತು. ಮೂರು ಸಲ ಗಲಬರಿಸಿದೆ. ಬೆಳಕಿಗೆ ಹಿಡಿದು ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ. ಮತ್ತೆ ಅವರಿಟ್ಟ ಹಾಗೆಯೇ ಬೋರಲು ಇಟ್ಟೆ. ನಾಳೆ ಎಲ್ಲರೂ ಹೊಗಳಿದ ಮೇಲೆ, ನೋಡ್ರಿ ಅಕ್ಕಾ, ಸುಣ್ಣ ಇಲ್ಲದೆ ಎಷ್ಟು ತಿಳಿ ಬಂತು ಎಂದು ಹೇಳಬೇಕೆಂದುಕೊಂಡೆ. ಆ ಮಧ್ಯಾಹ್ನದಷ್ಟು ಖುಷಿಯಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಸಂಜೆ ಕಾಕಾ ಬಂದರು. ಕುಡಿಕೆ ಪೋಣಿಸಿಕೊಂಡರು. ಒಳಗೆ ನೋಡಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಮಂಜು ಚೆನ್ನಾಗಿ ಬಿದ್ದಿತ್ತು. ಏಳಕ್ಕೆ ಬರುತ್ತೇವೆ ಎಂದವರು ಒಂಬತ್ತೂವರೆಗೆ ಲಿಫ್ಟು ಇಳಿದು ಬಂದರು. ಕಣ್ಣೆದುರೇ ಇಳಿಸಬೇಕೆಂದು ಒಪ್ಪಿದ್ದರಿಂದ ಕಾಕಾ ಮರದ ಬುಡದಲ್ಲಿ ಕಾದು ಕೂತಿದ್ದರು. ತೊಳೆದ ಪಂಚೆ ಉಟ್ಟು ಹಣೆಗೆ ಕುಂಕುಮ ಇಟ್ಟಿದ್ದರು. ಬಿಸಿಲು ಸುಳಿಗೆ ತಾಗುತ್ತಿರುವುದನ್ನು ಆಗಾಗ ನೋಡುತ್ತಿದ್ದರು, ಆದರೆ ಅಂಜಿಕೆ ಇರಲಿಲ್ಲ. ಸುಣ್ಣದ ಕುಡಿಕೆ, ಹತ್ತು ಗಂಟೆಯ ತನಕ ಏನೂ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಸೊಂಟಕ್ಕೆ ಹಗ್ಗ ಸುತ್ತಿ ಹತ್ತಿದಾಗ ಜನ ಚಪ್ಪಾಳೆ ತಟ್ಟಿದರು, ಮೊಬೈಲಿನಲ್ಲಿ ಫೋಟೊ ತೆಗೆದರು. ನಾನು ಹಾಲುಬಾಯಿಯ ತಟ್ಟೆ ಹಿಡಿದು ವಸುಧಾ ಮೇಡಂ ಪಕ್ಕದಲ್ಲಿ ನಿಂತಿದ್ದೆ. ಯಶೋದಮ್ಮ ಪೇಪರ್ ಕಪ್ಪುಗಳನ್ನು ಸಾಲಾಗಿ ಜೋಡಿಸಿದ್ದರು.

ಮೊದಲ ಕುಡಿಕೆ ಬಗ್ಗಿಸಿದಾಗಲೇ ನೊರೆ ಬಂತು. ಚಡ್ಡಿ ತೊಟ್ಟಿದ್ದ ಒಬ್ಬ ಗಂಡಸು ಕಪ್ಪನ್ನು ಬಾಯಿಗಿಟ್ಟು ದೊಡ್ಡದಾಗಿ ನಕ್ಕ.

"ಸಕ್ಕತ್ ಗುರು, ಇದು ಪಕ್ಕಾ ಕಳ್ಳು. ಇನ್ನೊಂದ್ ಹಾಕಿ."

ಒಬ್ಬ ತಾಯಿ ತನ್ನ ಮಗಳ ಬಾಯಿಂದ ಕಪ್ಪು ಕಿತ್ತುಕೊಂಡಳು. ಇನ್ಯಾರೋ ಮೂಸಿ ನೋಡಿ ಹುಲ್ಲಿಗೆ ಚೆಲ್ಲಿದರು. ವಸುಧಾ ಮೇಡಂ ಒಂದು ಗುಟುಕು ಕುಡಿದರು, ಕಪ್ಪನ್ನು ಮೇಜಿನ ಮೇಲೆ ಇಟ್ಟರು. ಕಾಕಾನ ಮುಖ ನೋಡಲಿಲ್ಲ.

ಕಾಕಾ ಎರಡನೆಯ ಕುಡಿಕೆ ಮೂಸಿದರು. ಮೂರನೆಯದನ್ನು ಮೂಸಿದರು. ಆಮೇಲೆ ಕುಡಿಕೆಯೊಳಗೆ ಬೆರಳಿಟ್ಟು ಸುತ್ತಲೂ ಸವರಿ ಹೊರಗೆ ತೆಗೆದರು. ಬೆರಳಿಗೆ ಏನೂ ಅಂಟಿರಲಿಲ್ಲ. ಆ ಬೆರಳನ್ನು ಹೆಂಡತಿಯ ಮುಂದೆ ಹಿಡಿದರು.

"ಯಶೋದೆ, ಸುಣ್ಣ?"

"ಹಚ್ಚಿದ್ನಲ್ಲ," ಎಂದರು ಯಶೋದಮ್ಮ. ತಮ್ಮ ಕೈಯನ್ನು ತಾವೇ ನೋಡಿಕೊಂಡರು. ಆಮೇಲೆ ತುಂಬ ಸಣ್ಣ ದನಿಯಲ್ಲಿ ಕೇಳಿದರು, "ಹಚ್ಚಿದ್ನಾ?"

ಆ ಎರಡನೆಯ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಮೂರು ಮಾರು ದೂರದಲ್ಲಿದ್ದೆ. ನಾನು ತೊಳೆದೆ ಎನ್ನುವ ಎರಡೇ ಪದ ಹೇಳಬೇಕಿತ್ತು. ಹೆದರಿ ಸುಮ್ಮನಾದೆ ಎಂದರೆ ನನ್ನನ್ನು ನಾನೇ ಸಾಕಷ್ಟು ಕ್ಷಮಿಸಿದಂತಾಗುತ್ತದೆ. ಹೆದರಿಕೆ ಅಲ್ಲ. ವಾಪಸ್ ಬಂದ ಬಾಕ್ಸಿನ ಮೇಲೆ ನನ್ನ ನಂಬರು ಇರಬಾರದು, ಅದೊಂದೇ ನನ್ನ ತಲೆಯಲ್ಲಿದ್ದದ್ದು. ತಟ್ಟೆ ಹಿಡಿದುಕೊಂಡೇ ನಿಂತೆ. ಹಾಲುಬಾಯಿಯನ್ನು ಯಾರೂ ಮುಟ್ಟಲಿಲ್ಲ.

ಮನೆಗೆ ಬಂದ ಮೇಲೆ ಕಾಕಾ ಜಗಲಿಯಲ್ಲಿ ಕೂತರು. ಹೆಂಡತಿಗೆ ಒಂದೇ ಮಾತು ಹೇಳಿದರು.

"ಮೂವತ್ತು ವರ್ಷ ನಿನ್ನ ನಂಬಿ ಕುಡಿಕೆ ಒಳಿಕ್ಕೆ ನೋಡಿರ್ಲಿಲ್ಲ ಕಣೆ."

ಬೈದಿದ್ದರೆ, ಹೊಡೆದಿದ್ದರೆ ಆಕೆ ಹೇಗೋ ತಡೆದುಕೊಳ್ಳುತ್ತಿದ್ದರೇನೋ. ಇದನ್ನು ಕೇಳಿ ಒಳಗೆ ಹೋದರು. ಸಂಜೆ ನಾನು ಎದುರು ಸಿಕ್ಕಾಗ ಕಾಕಾ ತಾವಾಗಿಯೇ ನನಗೆ ವಿವರಿಸಿದರು. "ಸುಣ್ಣ ಇದ್ರೆ ಅದು ನೀರಾ. ಇಲ್ದಿದ್ರೆ ಕಳ್ಳು. ಇಷ್ಟೇ ಕಣಮ್ಮ ಯವ್ವಾರ. ಪಾಪ ಅವ್ಳೂ ಹಬ್ಬದ ಕೆಲ್ಸದಲ್ಲಿ ಮರ್ತವ್ಳೆ." ನನಗೆ ಹೀಗೆ ಕಲಿಸಿಕೊಟ್ಟರು, ನನಗೇ. ನಾನು ತಲೆ ಆಡಿಸಿದೆ.

ಶಿವರಾತ್ರಿಗೆ ಮೊದಲೇ ಮರ ಕಡಿದರು. ಮೆಷಿನ್ನು ಬಂದಿತ್ತು, ಅರ್ಧ ದಿನದಲ್ಲಿ ಹದಿನಾಲ್ಕೂ ಮುಗಿದವು. ಅಡ್ಡ ಬಿದ್ದ ಮೇಲೂ ಕೆತ್ತಿದ ಗಾಯದಿಂದ ನೀರಾ ತೊಟ್ಟಿಕ್ಕುತ್ತಿತ್ತು, ಇರುವೆಗಳು ಮುತ್ತಿದ್ದವು. ತೋಟದ ಕೆಲಸದವರೆಂದು ಗರಿಗಳನ್ನು ಎಳೆದು ಗುಡಿಸುವ ಕೆಲಸ ಕಾಕಾನ ಪಾಲಿಗೇ ಬಂತು. ಗುಡಿಸಿದರು.

ಅದಾದ ಮೇಲೆ ಅವರಿಗೊಂದು ಅಭ್ಯಾಸ ಅಂಟಿಕೊಂಡಿತು. ಹೆಂಡತಿ ಕಾಫಿ ಕೊಟ್ಟರೆ ಲೋಟದೊಳಗೆ ನೋಡಿ ಕುಡಿಯುತ್ತಿದ್ದರು. ಬೇಕೆಂದು ಮಾಡುತ್ತಿದ್ದರೆಂದು ನನಗನ್ನಿಸುವುದಿಲ್ಲ, ಆದ್ದರಿಂದಲೇ ಅದು ಹೆಚ್ಚು ಕೆಟ್ಟದಾಗಿತ್ತು. ಅವರು ಲೋಟದೊಳಗೆ ನೋಡುವಾಗ ಯಶೋದಮ್ಮ ಗೋಡೆ ನೋಡುತ್ತಿದ್ದರು. ನನಗೆ ಆ ಮನೆಯಲ್ಲಿ ಅನ್ನ ಇಳಿಯದಾಯಿತು. ಯುಗಾದಿಗೆ ಮೊದಲೇ, ಕೆಲಸಕ್ಕೆ ಹತ್ತಿರವಾಗುತ್ತದೆಂದು ನೆಪ ಹೇಳಿ ವೈಟ್‌ಫೀಲ್ಡಿನ ಒಂದು ಪಿಜಿಗೆ ಹೋದೆ. ಅಲ್ಲಿಂದ ಫ್ಯಾಕ್ಟರಿ ಇನ್ನೂ ದೂರ. ಯಾರೂ ಲೆಕ್ಕ ಹಾಕಲಿಲ್ಲ. ಹೊರಡುವಾಗ ಯಶೋದಮ್ಮ ಉಳಿದಿದ್ದ ಕೊನೆಯ ಬಾಟಲಿ ಪಾಕ ಕೈಗಿಟ್ಟರು. ಅದನ್ನು ಗದಗಿಗೆ ಒಯ್ದೆ. ಅವ್ವ ಹೋಳಿಗೆ ಮಾಡಿ ಅದರ ಜೊತೆ ಬಡಿಸಿದಳು. ತಿಂದೆ. ಚೆನ್ನಾಗಿತ್ತು.

ಈಗ ಹತ್ತು ವರ್ಷದ ಮೇಲೆ ಮತ್ತೆ ಆ ರಸ್ತೆಗೆ ಹೋದರೆ, ಬಾದಾಮಿ ಮರಗಳು ಒಂದೆರಡು ಮಾತ್ರ ಉಳಿದಿವೆ. ಹಳೇ ಮನೆ ಇದ್ದಲ್ಲಿ ಮೂರು ಅಂತಸ್ತಿನ ಬಾಡಿಗೆ ಮನೆಗಳು. ಕೆಳಗಿನ ಮನೆಯಲ್ಲಿ ಯಶೋದಮ್ಮ, ಮಗ, ಸೊಸೆ. ಗೋಡೆಯ ಮೇಲೆ ಕಾಕಾನ ಫೋಟೊ, ಪ್ಲಾಸ್ಟಿಕ್ಕಿನ ಹಾರ. ಅವರು ಹೋಗಿ ನಾಲ್ಕು ವರ್ಷವಾಯಿತಂತೆ. ಯಶೋದಮ್ಮ ನನ್ನನ್ನು ಕಂಡು ಎರಡೂ ಕೈ ಹಿಡಿದುಕೊಂಡರು, "ಹೆಬ್ಬೆಟ್ಟು ಸರಿ ಹೋಯ್ತಾ?" ಎಂದು ಉಗುರು ನೋಡಿದರು. ಬಂದವಳಿಗೆಂದು, ದೋಸೆಗೆ ನೆನೆಹಾಕಿದ್ದ ರಾಗಿಯನ್ನೇ ರುಬ್ಬಿ, ಅಂಗಡಿ ಬೆಲ್ಲದಲ್ಲೇ ಹಾಲುಬಾಯಿ ಮಾಡಲು ಕೂತರು. ಮಗುಚುವಾಗ ಈಗಲೂ ಮಾತಾಡಲಿಲ್ಲ.

ಆದರೆ ಉಪ್ಪು ಹಾಕಿ ಅರೆ ನಿಮಿಷಕ್ಕೆ ಸೊಸೆಯನ್ನು ಕೂಗಿದರು. "ಪವಿತ್ರಾ, ಉಪ್ಪು ಹಾಕುದ್ನಾ ನೋಡು." ಅವಳು ಬಂದು ನೋಡಿ ಹಾಕಿದೀರ ಅತ್ತೆ ಎಂದಳು. ಒಲೆ ಆರಿಸಿ ಹೊರಗೆ ಬಂದವರು ವಾಪಸ್ ಹೋಗಿ ಗ್ಯಾಸಿನ ನಾಬ್ ಮುಟ್ಟಿ ಬಂದರು. ಕೂತರು. ಮತ್ತೆ ಎದ್ದು ಹೋಗಿ ಮುಟ್ಟಿ ಬಂದರು.

"ಅತ್ತೆಗೆ ಮರೆವು ಅಕ್ಕ," ಎಂದಳು ಪವಿತ್ರ ನನ್ನ ಕಿವಿಯಲ್ಲಿ. "ನಾನು ಮದುವೆ ಆಗಿ ಬಂದಾಗ್ಲಿಂದ ಇಂಗೇ. ಮಾವ ಇದ್ದಾಗ್ಲೂ ಇವ್ರ ಕೈ ಕಾಫಿನ ನೋಡ್ಕೊಂಡೇ ಕುಡೀತಿದ್ರು. ಬೀಗ, ಗ್ಯಾಸು, ಏನನ್ನೂ ಇವ್ರ ಕೈಗೆ ಬಿಡಲ್ಲ ನಾವು."

ಯಶೋದಮ್ಮನಿಗೆ ಕೇಳಿಸಿತ್ತು. "ಹೂಂ ಕಣಮ್ಮ. ಆ ಹಬ್ಬದ ದಿನದಿಂದ ನನ್ ಕೈನ ನಾನೇ ನಂಬಲ್ಲ," ಎಂದರು, ಬೇರೆ ಯಾರದೋ ಮಾತು ಹೇಳುವವರಂತೆ. ನನ್ನ ಮುಂದೆ ಹಾಲುಬಾಯಿಯ ತಟ್ಟೆ ಇಟ್ಟರು.

ನಾನು ತಟ್ಟೆ ಮುಟ್ಟಲಿಲ್ಲ. "ಅಕ್ಕಾ, ಅವತ್ತು ನೀವು ಸುಣ್ಣ ಹಚ್ಚಿದ್ರಿ. ನಾನು ತೊಳದೆ."

ಅವರು ನನ್ನ ಎದುರಿಗೇ ಕೂತರು.

"ಎಷ್ಟನ್ನ?"

"ಹದಿನಾಲ್ಕೂ."

"ಏನಲ್ಲಿ?"

"ತೆಂಗಿನ ನಾರಿನಾಗ. ಬಿಳಿ ನೀರು ಕರಿಬೇವಿನ ಗಿಡಕ್ಕ ಹೋತು."

"ಅಂಗಾದ್ರೆ ನಾನು ಹಚ್ಚಿದ್ದೆ."

"ಹಚ್ಚಿದ್ರಿ ಅಕ್ಕಾ."

"ಪವಿತ್ರಾ, ಬಾ ಇಲ್ಲಿ," ಎಂದು ಕೂಗಿದರು. ಅವಳು ಬಂದಳು. "ಹೇಳು ಇನ್ನೊಂದ್ಸಲ." ಹೇಳಿದೆ. ಆಮೇಲೆ ಮಗನಿಗೆ ಫೋನು ಹಚ್ಚಿಸಿ, ಸ್ಪೀಕರ್ ಹಾಕಿಸಿ, ಅವನಿಗೂ ಹೇಳಿಸಿದರು. ಅವನು ಎಲ್ಲೋ ಟ್ರಾಫಿಕ್ಕಿನಲ್ಲಿದ್ದ, "ಆಯ್ತು ಬಿಡಮ್ಮ, ಹಳೇದು" ಎಂದ. "ಹಳೇದಲ್ಲ, ಕೇಳುಸ್ಕೊ," ಎಂದು ಮತ್ತೆ ಮೊದಲಿನಿಂದ ಹೇಳಿಸಿದರು. ನಾನು ಪಾಠ ಒಪ್ಪಿಸುವವಳಂತೆ ಒಪ್ಪಿಸಿದೆ. ಕೊನೆಗೆ ಫೋಟೊದ ಕಡೆ ತಿರುಗಿದರು. ಇನ್ನೊಮ್ಮೆ ಹೇಳಿಸುತ್ತಾರೆ ಎಂದುಕೊಂಡೆ. ಹೇಳಿಸಲಿಲ್ಲ.

"ನಾಲ್ಕ್ ವರ್ಷ ಲೇಟು ಕಣಮ್ಮ ನೀನು," ಎಂದರು.

ನಾನು ಅತ್ತೆ. ಅವರು ಅಳಲಿಲ್ಲ, ನನ್ನನ್ನು ಸಮಾಧಾನವೂ ಮಾಡಲಿಲ್ಲ. ನನ್ನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ಸೊಸೆಯ ಕೈಲಿ ಕುಂಕುಮ ಕೊಡಿಸುತ್ತಾರೆಂದು ಕಾದು ನಿಂತೆ. ಬರಲಿಲ್ಲ. ಒಳಗಿನಿಂದಲೇ ದನಿ ಬಂತು: "ಹೋಗ್ತಾ ಗೇಟಿನ ಚಿಲ್ಕ ಹಾಕ್ಕೊಂಡ್ ಹೋಗು. ದನ ನುಗ್ತವೆ."

ಗೇಟು ದಾಟಿ, ಚಿಲಕ ಹಾಕಿ, ಬಸ್‌ಸ್ಟಾಪಿನ ತನಕ ಬಂದೆ. ಬಸ್ಸು ಬಂತು. ಹತ್ತಬೇಕು ಎನ್ನುವಾಗ ಚಿಲಕ ಹಾಕಿದೆನೋ ಇಲ್ಲವೋ ಎಂದು ಅನುಮಾನವಾಯಿತು. ಕೈಗೆ ಕಬ್ಬಿಣ ತಾಗಿದ್ದು ನೆನಪಿತ್ತು, ಆದರೂ ಖಾತ್ರಿ ಇರಲಿಲ್ಲ. ಬಸ್ಸು ಬಿಟ್ಟು, ಬಿಸಿಲಲ್ಲಿ ಅಷ್ಟು ದೂರ ವಾಪಸ್ ನಡೆದು ಹೋಗಿ ನೋಡಿದೆ. ಹಾಕಿತ್ತು.